ಏರ್‌ಗನ್ನಿನ ಒಂದು ಕೆಜಿ ಇಳಿಸಿದ್ದು

"ಅಲ್ಲ ಮಾರಾಯ, ಸ್ಪ್ರಿಂಗ್ ಗನ್ನಿಗೆ ತೂಕವೇ ಜೀವ. ಹಗುರ ಮಾಡಿದ್ರೆ ಹಿಡಿದ ಕೋಳಿ ಕೊಸರಿದ ಹಾಗೆ ಕೊಸರ್ತದೆ" ಅಂತ ಭಾವ ಎರಡು ವರ್ಷ ಹೇಳಿದ್ದೇ ಹೇಳಿದ್ದು. ಈ ಸಲ ಊರ ಹಬ್ಬದಲ್ಲಿ ಮೊಟ್ಟೆಗೆ ಗುರಿಯಿಟ್ಟು ಹೊಡೆಯೋ ಸ್ಪರ್ಧೆಯಲ್ಲಿ, ಹಗುರ ಮಾಡಿದ ಏರ್‌ಗನ್ನಲ್ಲೇ ಐದಕ್ಕೆ ನಾಲ್ಕು ಒಡೆದೆ. ಭಾವನದು ಎರಡು. ಅದಕ್ಕೇ ಬರೀತಿದೀನಿ.

ನನ್ನದು ಮಾಮೂಲಿ .177 (ನಳಿಗೆಯ ಒಳಗಲ, ಇಂಚಿನಲ್ಲಿ), ನಳಿಗೆ ಮಡಚಿ ಲೋಡ್ ಮಾಡೋದು. ಸ್ಪ್ರಿಂಗ್ ಚಿಮ್ಮಿ ಪಿಸ್ಟನ್ನನ್ನು ದೂಡುತ್ತೆ, ಪಿಸ್ಟನ್ ಗಾಳಿ ಒತ್ತಿ ಪೆಲೆಟ್ ಅನ್ನೋ ಸಣ್ಣ ಗುಂಡನ್ನು ಹಾರಿಸುತ್ತೆ. ಹೊಡೆತದ ಶಕ್ತಿ 20 ಜೌಲ್ ಒಳಗಿನದು, ಲೈಸೆನ್ಸ್ ಬೇಡ. ಚುನಾವಣೆ ಬಂದ್ರೆ ಭಾವನ ತೋಟದ ಕೋವಿ ಠಾಣೆಗೆ ಹೋಗಿ ಕೂರುತ್ತೆ, ನನ್ನದು ಮನೇಲೇ. ಗುರಿ ನೋಡೋ ದುರ್ಬೀನು (ಸ್ಕೋಪ್) ಸೇರಿ ಮೂರೂವರೆ ಕೆಜಿ ಇತ್ತು. ಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಮೇಲೆ ನನ್ನ ಎಡ ಭುಜ ಅಷ್ಟು ಹೊರಲ್ಲ.

ಮೊದಲು ತೋಟದಲ್ಲೇ ಬಿದ್ದಿದ್ದ ಸಿಲ್ವರ್ ಓಕ್ ಕೊಯ್ಸಿ ಸ್ಟಾಕ್, ಅಂದ್ರೆ ಗನ್ನಿನ ಮರದ ಭಾಗ, ಕೆತ್ತಿಸಿದೆ. ಮರ ಪುಕ್ಕಟೆ, ಬಡಗಿಗೆ 1,500. ಸಕಲೇಶಪುರದ ಒಂದು ಮಳೆಗಾಲ ಸಾಕಾಯ್ತು, ಉಬ್ಬಿ ತಿರುಚಿ ಸ್ಕ್ರೂ ತೂತೇ ಕೂರದಂತಾಯ್ತು. ಅದಕ್ಕಿಂತ ಬೇಜಾರು ಗುರಿಯದು. 15 ಮೀಟರಿಗೆ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬೀಳುತ್ತಿದ್ದ ಪೆಲೆಟ್ ಈಗ ಗಜನಿಂಬೆಯಷ್ಟಕ್ಕೆ ಹರಡಿತು. ಭಾವ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ: ಪೆಲೆಟ್ ನಳಿಗೆ ಬಿಡೋದರೊಳಗೆ ಪಿಸ್ಟನ್ ಗನ್ನನ್ನು ಹಿಂದಕ್ಕೆ ತಳ್ಳಿ ಮುಂದಕ್ಕೆ ಎಳೆದಿರುತ್ತೆ, ತೂಕ ಕಮ್ಮಿ ಆದಷ್ಟೂ ಆ ಕುಲುಕು ಜಾಸ್ತಿ.

ಹಾಗಾದ್ರೆ ಮೊದಲು ಕುಲುಕನ್ನೇ ಇಳಿಸಬೇಕು, ತೂಕ ಆಮೇಲೆ. ಇದು ಹೊಳೆಯೋಕೆ ಎಂಟು ತಿಂಗಳು ಹಿಡೀತು.

ಕುಲುಕಿನ ಮೂಲ ಸ್ಪ್ರಿಂಗು, ಅದನ್ನು ಬಿಚ್ಚೋಕೆ ಬಡಗಿಯ ಕ್ಲ್ಯಾಂಪ್ ಸಾಕು ಅಂದುಕೊಂಡೆ. ಜಾರಿತು. ಹಿಂದಿನ ಮುಚ್ಚಳ ಹಾರಿ ಕೊಟ್ಟಿಗೆಯ ಎರಡು ಹೆಂಚು ಹೋದವು, ನನ್ನ ಕಣ್ಣು ಉಳೀತು. ಆಮೇಲೆ ಲೇತ್‌ನವರ ಹತ್ರ 600 ಕೊಟ್ಟು ಸ್ಪ್ರಿಂಗ್ ಅದುಮಿ ಹಿಡಿಯೋ ಸರಿಯಾದ ಪ್ರೆಸ್ ಮಾಡಿಸಿದೆ. ಇನ್ನೊಂದು ದಡ್ಡತನ, ಯಾರೋ ಹೇಳಿದ್ರು ಅಂತ ಸಿಲಿಂಡರಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಹೊಡೆದಾಗ ಎಣ್ಣೆ ಹೊತ್ತಿ ಢಮ್ ಅಂತು, ನೀಲಿ ಹೊಗೆ ಬಂತು, ಮೂರನೇ ದಿನ ಸ್ಪ್ರಿಂಗ್ ಎರಡು ತುಂಡು. ಅದೊಂದು ಏಳುನೂರು.

ಈಗಿರೋದು ಮೆತ್ತಗಿನ ಸ್ಪ್ರಿಂಗ್. ಅದರೊಳಗೆ ಸಡಿಲ ಇಲ್ಲದೆ ಕೂರುವ ನೈಲಾನ್ ಗೈಡ್ ಹಾಕಿದೀನಿ. ಹೊಡೆದಾಗ ಬರುತ್ತಿದ್ದ 'ಝಿಂಯ್' ಶಬ್ದವೇ ನಿಂತಿದೆ. ಗ್ರೀಸ್ ಯಾವುದು, ಎಲ್ಲಿ ಎಷ್ಟು ಅನ್ನೋದು ನನ್ನ ಹತ್ರಾನೇ ಇರಲಿ, ಮುಂದಿನ ವರ್ಷಾನೂ ಹಬ್ಬ ಇದೆ. ವೇಗ ಸ್ವಲ್ಪ ಇಳಿದಿರಬೇಕು, ಮೊಟ್ಟೆಗೆ ಅದು ಗೊತ್ತಾಗಲ್ಲ.

ಎರಡನೇ ಸ್ಟಾಕ್ ಶಿವನೆ ಮರದ್ದು. ಹಗುರ, ಮಳೆಗೂ ಜಗ್ಗಲ್ಲ. ಹಲಗೆಗೆ 900, ಅದೇ ಬಡಗಿಗೆ ಮತ್ತೆ 1,500. ಹಿಂಭಾಗದ ಒಳಗೆ ಟೊಳ್ಳು ಮಾಡಿಸಿದೆ, ಮುಂಭಾಗ ಮುಟ್ಟಲಿಲ್ಲ. ಮೂತಿ ಸ್ವಲ್ಪ ಭಾರವಿದ್ದರೇನೇ ಗುರಿ ನಿಲ್ಲೋದು. ಈಗ ಎರಡೂವರೆ ಕೆಜಿ ಚಿಲ್ಲರೆ.

ನಡುವೆ ಒಂದೇ ತೂಕದವನ್ನು ಆರಿಸೋಣ ಅಂತ ಒಂದು ಡಬ್ಬಿ ಪೆಲೆಟ್ ತಗೊಂಡು ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದೇ ತೂಗಿಸಿದ್ದೂ ಉಂಟು, ಒಂದೊಂದೂ ಸುಮಾರು ಅರ್ಧ ಗ್ರಾಂ ಬಂತು. ಅವರಿಗೆ ತಮಾಷೆ, ನನಗೆ ಅರ್ಧ ದಿನ ಹೋಯ್ತು. ತೂಕದಿಂದ ಬಂದ ಲಾಭ ಅಷ್ಟಕ್ಕಷ್ಟೆ. ಹಿಂಬದಿ ಅಂಚು ನೆಗ್ಗಿದವನ್ನು ಆರಿಸಿ ಎಸೆದಿದ್ದೇ ಹೆಚ್ಚು ಕೆಲಸಕ್ಕೆ ಬಂತು.

ಒಟ್ಟು ಆರು ಸಾವಿರದ ಆಚೀಚೆ ಖರ್ಚು, ಹೆಂಚು ಬಿಟ್ಟು. ಗನ್ನಿಗೆ ಕೊಟ್ಟಿದ್ದು ಎಂಟು. ಭಾವ ಮೊನ್ನೆ ಕಾಫಿಗೆ ಬಂದವರು ಅದನ್ನು ಎತ್ತಿ ಭುಜಕ್ಕಿಟ್ಟು ನೋಡಿದ್ರು. ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ, "ಆ ಬಡಗಿ ನಂಬರ್ ಕೊಡು" ಅಂದ್ರು.