ಎಂಟು ಹಳೇ ಪಟ್ಟಿ, ಏಳು ಹೊಸ ಪಟ್ಟಿ: ಅಜ್ಜಿ ಬಿಟ್ಟುಹೋದ ಟ್ಯಾಟಿಂಗ್ ನಾನು ಮುಗಿಸಿದ್ದು

ಹಳೇ ಟ್ಯಾಟಿಂಗಿಗೆ ಕತ್ತರಿ ಇಡಬಾರದು ಅಂತ ನನಗೆ ಹೇಳದವರೇ ಇಲ್ಲ. ಟ್ಯಾಟಿಂಗ್ ಅಂದರೆ ಷಟಲ್ ಅನ್ನುವ ಪುಟ್ಟ ದೋಣಿಯಂಥ ಸಾಧನಕ್ಕೆ ದಾರ ಸುತ್ತಿ, ಗಂಟು ಹಾಕುತ್ತ ಮಾಡುವ ಲೇಸ್ ಕೆಲಸ. ಎಂಟನೇ ಕ್ಲಾಸಿನಲ್ಲಿ ನನ್ನ ಕೈಗೆ ಮೊದಲು ಷಟಲ್ ಕೊಟ್ಟ ಮೈಸೂರಿನ ಸಿಸ್ಟರ್ ಹೇಳಿದರು. ಕ್ರೋಷಾದಲ್ಲಿ ನನಗಿಂತ ಹತ್ತು ವರ್ಷ ಹಿರಿಯಳಾದ ಗೆಳತಿ ಹೇಳಿದಳು. ಟ್ಯಾಟಿಂಗ್ ಅಂದರೇನು ಅಂತ ಗೊತ್ತಿಲ್ಲದ ನಮ್ಮ ಯಜಮಾನರೂ ಹೇಳಿದರು. ನಾನು ಇಟ್ಟೆ. ಒಂದಲ್ಲ ಎರಡಲ್ಲ, 72 ಕಡೆ ಇಟ್ಟೆ. ಗಿರಾಕಿಯೊಬ್ಬರ ಅಜ್ಜಿ ಅರ್ಧಕ್ಕೆ ಬಿಟ್ಟಿದ್ದ ಆ ಟೇಬಲ್ ಕ್ಲಾತ್ ಈಗ ಮೈಸೂರಿನ ಯಾದವಗಿರಿಯ ಒಂದು ಮನೆಯ ಊಟದ ಮೇಜಿನ ಮೇಲಿದೆ, ಎರಡು ಸಲ ನೀರಿಗೂ ಬಿದ್ದಾಗಿದೆ. ಬೇಡ ಅಂದವರೆಲ್ಲ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ನನ್ನದು ಬ್ಲೌಸ್ ಅಂಗಡಿ. ಬೋರ್ಡಿನಲ್ಲಿ ‘ಫಾಲ್, ಪೀಕೋ’ ಅಂತಲೂ ಇದೆ. ಅದು ಸೀರೆ ಅಂಚಿನ ಪೀಕೋ, ಮಿಷನ್ ಕೆಲಸ. ಇಲ್ಲಿ ನಾನು ಹೇಳುವ ಪೀಕೋ ಎರಡು ಗಂಟಿನ ನಡುವೆ ಬಿಡುವ ದಾರದ ಕುಣಿಕೆ. ಟ್ಯಾಟಿಂಗ್ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ, ಆದರೆ ಬೋರ್ಡು ನೋಡಿ ಒಬ್ಬರು ಟ್ಯಾಟಿಂಗ್ ಕರ್ಚೀಫ್ ತಂದು ‘ಇದಕ್ಕೆ ಪೀಕೋ ಹಾಕಿ’ ಅಂದಿದ್ದರು, ಅದು ನೆನಪಾಯಿತು.

ಯಾದವಗಿರಿಯ ಮೇಡಂ ಬ್ಲೌಸ್ ಗಿರಾಕಿಯೊಬ್ಬರ ಮೂಲಕ ಬಂದರು. ಅವರ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ್ದಂತೆ, ಹಳೇ ಪಂಚೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಹನ್ನೆರಡು ಹನ್ನೆರಡು ಹೂವಿನ ಎಂಟು ಪಟ್ಟಿ. ಅದರಲ್ಲಿ ನಾಲ್ಕು ಪಟ್ಟಿ ಒಂದಕ್ಕೊಂದು ಜಾಯಿನ್ ಆಗಿವೆ, ಇನ್ನು ನಾಲ್ಕು ಬಿಡಿ. ಜೊತೆಗೆ ಹತ್ತೋ ಹನ್ನೊಂದೋ ಬಿಡಿ ಹೂ, ಇಂಗ್ಲಿಷ್ ಕಸೂತಿ ಪುಸ್ತಕದಿಂದ ಹರಿದ ಒಂದು ಹಾಳೆ, ಮೂಳೆಯ ಷಟಲ್ ಒಂದು. ಷಟಲಿನಲ್ಲಿ ಅರ್ಧ ರಿಂಗು, ಅಂದರೆ ಗಂಟುಗಳ ಪುಟ್ಟ ಉಂಗುರ, ಹಾಗೇ ನಿಂತಿತ್ತು, ಅಜ್ಜಿ ಒಲೆ ಮೇಲಿನ ಹಾಲು ನೋಡಲು ಎದ್ದು ಹೋದ ಹಾಗೆ. ಒಂದೊಂದು ಹೂ ಮೂರೂಕಾಲು ಇಂಚು, ಸುತ್ತ ಹದಿನಾರು ರಿಂಗು. ಹಾಳೆಯ ಪ್ರಕಾರ ಹದಿನೈದು ಪಟ್ಟಿ ಬೇಕು. ಅಂದರೆ ನನ್ನ ಪಾಲಿಗೆ ಏಳು ಪಟ್ಟಿ, 84 ಹೂ.

ಇಲ್ಲೇ ನಾನು ದಡ್ಡತನ ಮಾಡಿದ್ದು. ಹೂವಿಗೆ ಮುಕ್ಕಾಲು ಗಂಟೆ, ತಿಂಗಳಿಗೆ ಮೂವತ್ತು ಹೂ, ಮೂರು ತಿಂಗಳು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ದಾರವೂ ಸೇರಿ 8,000 ರೂಪಾಯಿ ಅಂದುಬಿಟ್ಟೆ. ಎರಡು ಸಾವಿರ ಮುಂಗಡವನ್ನೂ ತೆಗೆದುಕೊಂಡೆ. ಹೂವಿಗೆ ಹಿಡಿದದ್ದು ಒಂದೂಕಾಲು ಗಂಟೆ. ನಾಲ್ಕು ಹೂ ಸೇರುವ ಕಡೆ ಉಳಿಯುವ ಸಂದಿಗೆ ಒಂದೊಂದು ಚಿಕ್ಕ ಹೂ ತುಂಬಬೇಕು ಅಂತ ಹಾಳೆಯ ಕೊನೇ ಸಾಲಿನಲ್ಲಿ ಸಣ್ಣಕ್ಷರದಲ್ಲಿತ್ತು. ಅದನ್ನು ನಾನು ಓದಿದ್ದು ಮುಂಗಡ ಖರ್ಚಾದ ಮೇಲೆ. ಹದಿನಾಲ್ಕು ಹನ್ನೊಂದಲೆ 154 ಸಂದಿ!

ಮೊದಲ ಸೋಲು ಬಣ್ಣದ್ದು. ಅಜ್ಜಿಯ ದಾರ ಹಳೇ ಬೆಣ್ಣೆ ಬಣ್ಣಕ್ಕೆ ತಿರುಗಿದೆ, ನನ್ನ ದಾರ ಹಾಲಿನ ಬಿಳುಪು. ಹಳೆಯದನ್ನೇ ಬೆಳ್ಳಗೆ ಮಾಡೋಣ ಅಂತ ಎರಡು ಬಿಡಿ ಹೂವನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದೆ. ಬೆಳ್ಳಗೇನೋ ಆದವು, ಆದರೆ ಬೆರಳಲ್ಲಿ ಎಳೆದರೆ ಹೂವಿನ ನಡುವೆಯೇ ಪಟ್ ಅಂತ ಹರಿದವು. ಅಷ್ಟು ವರ್ಷದ ಹತ್ತಿಗೆ ಕ್ಲೋರಿನ್ ವಿಷ. ಆಮೇಲೆ ಅಂಟುವಾಳಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ಬಿಟ್ಟು, ಉಜ್ಜದೆ ಎರಡು ಸಲ ನೀರು ಬದಲಾಯಿಸಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದೆ. ಕೊಳೆ ಹೋಯಿತು, ಹಳದಿ ಸ್ವಲ್ಪ ಇಳಿಯಿತು, ಅಷ್ಟು ಸಾಕು ಅನ್ನಿಸಿತು. ಟ್ರಂಕಿನ ತುಕ್ಕಿನ ಕಲೆ ಆರೇಳು ಕಡೆ ಇತ್ತು. ಅದಕ್ಕೆ ನಿಂಬೆರಸ, ಉಪ್ಪು, ಬಿಸಿಲು. ನಾಲ್ಕು ಸಲ ಮಾಡಬೇಕಾಯಿತು, ಪ್ರತಿ ಸಲ ಚೆನ್ನಾಗಿ ತೊಳೆದು.

ಹಾಗಾದರೆ ಹೊಸ ದಾರವನ್ನೇ ಹಳೆಯದು ಮಾಡಬೇಕು. ಟೀ ಡಿಕಾಕ್ಷನ್ನಿನಲ್ಲಿ ಅದ್ದುವುದು ನಿಮಗೆಲ್ಲ ಗೊತ್ತು. ನನ್ನ ಮೊದಲ ಲಡಿ ಬೂದು ಬಣ್ಣಕ್ಕೆ ಬಂತು, ಮಸಿ ಬಟ್ಟೆಯ ಹಾಗೆ. ಟೀ ಪುಡಿ ಬದಲಾಯಿಸಿದೆ, ಪಾತ್ರೆ ಬದಲಾಯಿಸಿದೆ, ಊಹೂಂ. ಒಂದು ದಿನ ಬೋರ್ ಕೆಟ್ಟು, ನಲ್ಲಿಯ ಕಾವೇರಿ ನೀರಿನಲ್ಲೇ ಕಾಯಿಸಿದೆ. ಬೆಣ್ಣೆ ಬಣ್ಣ! ನಮ್ಮ ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಬಕೆಟ್ಟಿನ ತಳ ನೋಡಿದರೇ ಗೊತ್ತಾಗುತ್ತದೆ. ಟೀ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪೇ. ಇಷ್ಟು ಸಣ್ಣ ವಿಷಯಕ್ಕೆ ಮೂರು ಉಂಡೆ ದಾರ ಹಾಳಾಯಿತು, ಉಂಡೆಗೆ ತೊಂಬತ್ತರ ಆಸುಪಾಸು. ದಾರವನ್ನು ಉಂಡೆಯಲ್ಲೇ ಅದ್ದಬೇಡಿ. ಲಡಿ ಮಾಡಿ ಸಡಿಲವಾಗಿ ಕಟ್ಟಿ ಅದ್ದಿ. ಕಟ್ಟಿದ ಕಡೆಯೆಲ್ಲ ಬಿಳಿ ಮಚ್ಚೆ ಉಳಿದ ಒಂದು ಲಡಿ ಇನ್ನೂ ನನ್ನ ಡಬ್ಬಿಯಲ್ಲಿದೆ. ಎಷ್ಟು ಟೀ, ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ.

ಆ ಹುಚ್ಚಿನಲ್ಲೇ ಬೇರೆ ಏನೇನೋ ಅದ್ದಿ ನೋಡಿದೆ. ಫಿಲ್ಟರ್ ಕಾಫಿಯ ಡಿಕಾಕ್ಷನ್ ಕೆಸರಿನ ಬಣ್ಣ ಕೊಟ್ಟಿತು, ಎಷ್ಟು ತೊಳೆದರೂ ಚಿಕೋರಿ ವಾಸನೆ. ಅಳಲೆಕಾಯಿ ತಿಳಿ ಹಳದಿ ಕೊಟ್ಟಿತು, ಚೆನ್ನಾಗಿಯೇ ಇತ್ತು, ಆದರೆ ಅಜ್ಜಿಯ ಹಳದಿಯಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ನಾದಿನಿ ಒಂದು ಬಾಟಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ತಂದುಕೊಟ್ಟಳು. ಅದರಲ್ಲಿ ಬಂದ ಕೆಂಪುಗಂದು ನೋಡಿ ಈ ಕೆಲಸವನ್ನೇ ಬಿಟ್ಟು ಅದರಲ್ಲೊಂದು ಕಿವಿಯೋಲೆ ಮಾಡುತ್ತ ಕೂತೆ, ನಾಲ್ಕು ಜೊತೆ. ದಸರಾದಲ್ಲಿ ಪರಿಚಯದವರ ಸ್ಟಾಲಿನಲ್ಲಿಟ್ಟು ಜೊತೆಗೆ 150ರಂತೆ ಮಾರಿದೆ. ಆ ವರ್ಷ ಟ್ಯಾಟಿಂಗಿನಲ್ಲಿ ನನಗೆ ನಿಜವಾಗಿ ಲಾಭ ಬಂದದ್ದು ಅದೊಂದರಲ್ಲೇ.

ಎರಡನೇ ಸೋಲು ಅಳತೆಯದು. ನಲವತ್ತನೇ ನಂಬರ್ ದಾರದಲ್ಲಿ ನನ್ನ ಹೂ ಮೂರೂವರೆ ಇಂಚು ಬರುತ್ತಿತ್ತು. ಕಾಲಿಂಚು ತಾನೇ ಅನ್ನಬೇಡಿ, ಹನ್ನೆರಡು ಹೂವಿಗೆ ಮೂರು ಇಂಚು. ಅಜ್ಜಿಯ ಕೈ ಬಿಗಿ, ನನ್ನದು ಸಡಿಲ ಅಂದುಕೊಂಡು ಗಂಟು ಎಳೆದು ಎಳೆದು ಎಡಗೈಯ ತೋರುಬೆರಳು ಬಾತುಕೊಂಡಿತು. ಅರವತ್ತನೇ ನಂಬರ್ ಹಾಕಿದರೆ ಹೂ ಜೇಡರ ಬಲೆಯಷ್ಟು ತೆಳ್ಳಗೆ. ಆರು ಹೂ ಬಿಸಾಡಿದ ಮೇಲೆ ಭೂತಗನ್ನಡಿ ಹಿಡಿದು ಅಜ್ಜಿಯ ಹೂವನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಗಂಟು ಎರಡರಲ್ಲೂ ಒಂದೇ. ವ್ಯತ್ಯಾಸ ಇದ್ದದ್ದು ಒಳಸುತ್ತಿನ ಪೀಕೋದಲ್ಲಿ. ಅವರದು ಬೆಂಕಿಕಡ್ಡಿ ದಪ್ಪದಷ್ಟೇ ಗಿಡ್ಡ, ನನ್ನದು ಚೆಲ್ಲುಚೆಲ್ಲಾಗಿ ಉದ್ದ. ಒಳಗೆ ಉದ್ದವಾದರೆ ಹೊರಗಿನ ಸುತ್ತೆಲ್ಲ ಆಚೆ ತಳ್ಳಿಕೊಳ್ಳುತ್ತದೆ. ಸೀರೆ ಡಬ್ಬಿಯ ಪ್ಲಾಸ್ಟಿಕ್ಕಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಪೀಕೋ ಬಿಡುವಾಗಲೆಲ್ಲ ದಾರವನ್ನು ಅದರ ಮೇಲೆ ಹಾಯಿಸಿದೆ. ಏಳನೇ ಹೂ ಸ್ಕೇಲಿಟ್ಟ ಹಾಗೆ ಮೂರೂಕಾಲಕ್ಕೆ ಕೂತಿತು.

ಭೂತಗನ್ನಡಿಯಲ್ಲಿ ಇನ್ನೊಂದು ಸಿಕ್ಕಿತು. ಹೊರಗಿನ ರಿಂಗಿಗೆ ಐದು ಪೀಕೋ ಅಂತ ಹಾಳೆ ಹೇಳುತ್ತದೆ, ಅಜ್ಜಿ ಮೂರೇ ಹಾಕಿದ್ದಾರೆ, ಮೊದಲ ಹೂವಿನಿಂದ ಕೊನೆಯ ಹೂವಿನವರೆಗೂ. ತಪ್ಪಿ ಹಾಕಿದರೋ, ಬೇಜಾರಾಗಿ ಬಿಟ್ಟರೋ, ಅವರನ್ನೇ ಕೇಳಬೇಕು. ನಾನು ಹಾಳೆಯನ್ನು ಮಡಚಿಟ್ಟು ಅಜ್ಜಿಯನ್ನೇ ನಂಬಿದೆ.

ಈಗ ಕತ್ತರಿಯ ವಿಷಯ. ಎಲ್ಲರೂ ಹೇಳಿದ ದಾರಿ ಸುಲಭದ್ದು: ಅಜ್ಜಿಯ ಎಂಟು ಪಟ್ಟಿ ಒಂದು ಕಡೆ, ನನ್ನ ಏಳು ಪಟ್ಟಿ ಇನ್ನೊಂದು ಕಡೆ. ಹಾಗೆ ಹರಡಿ ನೋಡಿದೆ. ನಾನು ಎಷ್ಟೇ ಟೀ ಕುಡಿಸಿದರೂ ನಡುವೆ ಒಂದು ಗೆರೆ ಎದ್ದು ಕಾಣುತ್ತಿತ್ತು, ಅರ್ಧ ಗೋಡೆಗೆ ಸುಣ್ಣ ಹೊಡೆದ ಹಾಗೆ. ಬಣ್ಣ ಹತ್ತಿರ ಬಂದಿರಬಹುದು, ಹಳೇ ದಾರದ ಮಂಕು ಹೊಳಪು ಹೊಸದಕ್ಕೆ ಬರುವುದಿಲ್ಲ. ಎಂಟಕ್ಕೆ ಏಳು ಅಂದರೆ ಹೇಳಿ ಮಾಡಿಸಿದ ಲೆಕ್ಕ. ಒಂದು ಹಳೇದು, ಒಂದು ಹೊಸದು, ಎರಡು ಅಂಚಿನಲ್ಲೂ ಹಳೇದೇ. 154 ಸಂದಿಗೂ ಹೊಸ ದಾರ ಬಿದ್ದರೆ ಹಳೇದು ಹೊಸದು ಕಲೆಸಿ, ಗೆರೆ ಅನ್ನುವುದೇ ಇರುವುದಿಲ್ಲ. ಆದರೆ ಅಂಟಿಕೊಂಡಿದ್ದ ನಾಲ್ಕು ಪಟ್ಟಿಯನ್ನು ಬಿಡಿಸಬೇಕು. ಮೂರು ಸಾಲು, ಸಾಲಿಗೆ ಹನ್ನೆರಡು ಹೂ, ಹೂವಿಗೆ ಎರಡು ಜಾಯಿನ್, ಒಟ್ಟು 72. ಜಾಯಿನ್ ಅಂದರೆ ಒಂದು ಹೂವಿನ ಪೀಕೋದೊಳಗೆ ಪಕ್ಕದ ಹೂವಿನ ದಾರ ಹಾಯಿಸಿ ಸೇರಿಸಿದ್ದು, ಬಿಡಿಸಬೇಕಾದರೆ ಆ ಪೀಕೋವನ್ನೇ ಕತ್ತರಿಸಬೇಕು.

ಪೀಕೋ ಕತ್ತರಿಸಿದರೆ ಅಕ್ಕಪಕ್ಕದ ಡಬಲ್ ಗಂಟು ಬಿಚ್ಚಿಕೊಳ್ಳುತ್ತದೆ ಅನ್ನುವುದು ಎಲ್ಲರ ಭಯ. ಹೊಸ ದಾರದಲ್ಲಿ ಬಿಚ್ಚಿಕೊಳ್ಳುತ್ತದೆ, ನಿಜ. ನಾನು ಬಿಡಿ ಹೂವಿನಲ್ಲಿ ಪರೀಕ್ಷೆ ಮಾಡಿದೆ. ಅಷ್ಟು ವರ್ಷ ಮಡಿಕೆಯಲ್ಲಿ ಕೂತ ಗಂಟು ಕಲ್ಲಾಗಿರುತ್ತದೆ. ಕತ್ತರಿಸಿ, ಪಕ್ಕದ ರಿಂಗು ಬಿಡಿಸಿಕೊಂಡು, ಉಳಿದ ಎರಡು ಚಿಕ್ಕ ತುದಿ ನಿಲ್ಲಿಸಲು ಒಂದು ಉಪಾಯ ಮಾಡಿದೆ. ಅಂಟಲ್ಲ, ಉಗುರುಬಣ್ಣವಂತೂ ಅಲ್ಲ. ಅದನ್ನು ಬರೆದು ತೋರಿಸಲಾಗುವುದಿಲ್ಲ, ಅಂಗಡಿಗೆ ಬಂದರೆ ತೋರಿಸುತ್ತೇನೆ, ಕಾಫಿ ನಿಮ್ಮದು. 72ರಲ್ಲಿ ಎರಡು ಮಾತ್ರ ಕೈಕೊಟ್ಟವು. ಆ ಎರಡು ಹೂವಿನ ಜಾಗಕ್ಕೆ ಬಿಡಿ ಹೂ ಬಂತು.

ಪೀಕೋ ಹೋದ ಕಡೆ ಮತ್ತೆ ಜಾಯಿನ್ ಹಾಕಲು ಜಾಗವಿಲ್ಲ, ರಿಂಗಿನ ಬುಡಕ್ಕೆ ಸೂಜಿ ದಾರದಿಂದ ಹೊಲಿದೆ. ‘ಹೊಲಿದರೆ ಅದು ಟ್ಯಾಟಿಂಗೇ ಅಲ್ಲ’ ಅಂದರು ಸಿಸ್ಟರ್. 1850ರ ಸುಮಾರಿಗೆ ರೀಗೋ ಅನ್ನುವ ಲಂಡನ್ನಿನ ಹೆಂಗಸು ಟ್ಯಾಟಿಂಗ್ ಪುಸ್ತಕ ಅಚ್ಚು ಹಾಕಿಸಿದಾಗ ಹೂವಿಗೆ ಹೂ ಸೇರಿಸುತ್ತಿದ್ದದ್ದು ಸೂಜಿ ದಾರದಲ್ಲೇ, ಷಟಲಿನಲ್ಲೇ ಜಾಯಿನ್ ಮಾಡುವುದು ಆಮೇಲೆ ಬಂತು. ಇದನ್ನು ಸಿಸ್ಟರ್‌ಗೆ ಹೇಳಿದೆ. ‘ನಿನಗೆ ಷಟಲ್ ಕೊಟ್ಟವಳು ನಾನು’ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಹೂಗಳಲ್ಲಿ ಅರ್ಧಕ್ಕರ್ಧ ರೈಲಿನಲ್ಲೇ ಆದವು. ದಾರ, ಲೈನಿಂಗ್ ತರಲು ವಾರಕ್ಕೊಮ್ಮೆ ಮೈಸೂರಿಗೆ ಹೋಗುತ್ತೇನೆ. ಮಂಡ್ಯದಲ್ಲಿ ಕಿಟಕಿ ಪಕ್ಕ ಕೂತು ಹೂ ಶುರು ಮಾಡಿದರೆ ಪಾಂಡವಪುರಕ್ಕೆ ಒಳಸುತ್ತು ಮುಗಿಯುತ್ತಿತ್ತು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಷಟಲ್ ಕೆಳಗಿಡುತ್ತಿದ್ದೆ. ಹೊಳೆ ನೋಡಲಿಕ್ಕೆ ಅಂತ ಹೇಳಿಕೊಳ್ಳುತ್ತೇನೆ, ನಿಜವಾಗಿ ರೈಲು ಅಲ್ಲಿ ಅಲುಗುತ್ತದೆ, ಎಣಿಕೆ ತಪ್ಪುತ್ತದೆ. ಒಮ್ಮೆ ಎದುರು ಕೂತ ಅಜ್ಜಿಯೊಬ್ಬರು ನಾಗನಹಳ್ಳಿಯವರೆಗೂ ಕಣ್ಣು ಮಿಟುಕಿಸದೆ ನೋಡಿ, ‘ಏನವ್ವಾ, ಮೀನಿನ ಬಲೆಯಾ?’ ಅಂದರು. ಆಯುಧಪೂಜೆಯ ದಿನ ಮಿಷನ್, ಕತ್ತರಿ ಜೊತೆ ಅಜ್ಜಿಯ ಮೂಳೆ ಷಟಲಿಗೂ ಕುಂಕುಮ ಇಟ್ಟೆ. ಅದರಲ್ಲಿ ಕೆಲಸ ಮಾಡಲಿಲ್ಲ, ತುದಿ ಸೀಳಿತ್ತು, ದಾರ ಸಿಕ್ಕಿಕೊಳ್ಳುತ್ತಿತ್ತು. ನನ್ನ ನಲವತ್ತು ರೂಪಾಯಿಯ ಪ್ಲಾಸ್ಟಿಕ್ ಷಟಲೇ ಎಲ್ಲ ಹೊತ್ತಿತು. ನಡುವೆ ಆಸೆಪಟ್ಟು 350 ಕೊಟ್ಟು ತರಿಸಿದ ಮರದ ಷಟಲ್ ನೋಡಲು ಚೆಂದ, ಆದರೆ ಭಾರ.

ಕೊನೆಯ ಎಡವಟ್ಟು ಗುಂಡುಪಿನ್ನಿನದು. ತೊಳೆದು, ಹಾಸಿಗೆಯ ಮೇಲೆ ಚಾಕ್‌ಪೀಸಿನಲ್ಲಿ ಚೌಕ ಹಾಕಿದ ಬಟ್ಟೆ ಹಾಸಿ, ಪಿನ್ನು ಚುಚ್ಚಿ ಎಳೆದು ಒಣಗಿಸುವಾಗ ಮಾಮೂಲಿ ಪಿನ್ನು ಬಳಸಿದೆ. ಬೆಳಗ್ಗೆ ನೋಡಿದರೆ ಒಂದು ಅಂಚಿನುದ್ದಕ್ಕೂ ತುಕ್ಕಿನ ಚುಕ್ಕಿ. ಮತ್ತೆ ನಿಂಬೆರಸ, ಉಪ್ಪು, ಬಿಸಿಲು. ತುಕ್ಕು ಹಿಡಿಯದ ಪಿನ್ನು ಡಬ್ಬಿಗೆ ಅರವತ್ತೋ ಎಪ್ಪತ್ತೋ, ಅದನ್ನು ಉಳಿಸಲು ಹೋಗಿ ಮೂರು ದಿನ ಕಳೆದೆ. ಸಬ್ಬಕ್ಕಿ ಗಂಜಿ ತೆಳ್ಳಗೆ ಹಾಕೋಣ ಅಂತಿದ್ದೆ, ಆದರೆ ಮೇಡಂ ಮನೆಯಲ್ಲಿ ವರ್ಷದ ಹತ್ತು ತಿಂಗಳು ಇದು ಬೀರುವಿನಲ್ಲೇ ಇರುತ್ತದೆ, ಗಂಜಿ ವಾಸನೆಗೆ ಜಿರಲೆ, ಬೆಳ್ಳಿಹುಳ ಬರುತ್ತವೆ. ಹಾಕಲಿಲ್ಲ.

ಒಟ್ಟು ಹದಿನಾಲ್ಕು ತಿಂಗಳು, ಹತ್ತಿರಹತ್ತಿರ ಇನ್ನೂರು ಗಂಟೆ. ದಾರಕ್ಕೆ ಸಾವಿರ, ಷಟಲ್, ಪಿನ್ನು, ಟೀಪುಡಿ, ಈ ಕೆಲಸಕ್ಕೇ ಅಂತ ಓಡಾಡಿದ್ದು ಎಲ್ಲ ಸೇರಿ ಎರಡು ಸಾವಿರ ದಾಟಿತು. ಉಳಿದದ್ದು ಗಂಟೆಗೆ ಮೂವತ್ತು ರೂಪಾಯಿಗೂ ಕಮ್ಮಿ. ಅಷ್ಟು ಹೊತ್ತಿನಲ್ಲಿ ಲೈನಿಂಗ್ ಬ್ಲೌಸ್ ಹೊಲಿದಿದ್ದರೆ ಅಂತ ಯಜಮಾನರು ಕ್ಯಾಲ್ಕುಲೇಟರ್ ತೆಗೆದರು, ನಾನು ಕಿತ್ತಿಟ್ಟೆ.

ತಲುಪಿಸಿದ ದಿನ ಮೇಡಂ ಮೇಜಿನ ಮೇಲೆ ಹರಡಿ, ಅಂಚಿಗೆ ಬೆರಳಾಡಿಸುತ್ತ ಮೂರು ಸುತ್ತು ಬಂದರು. ‘ನಮ್ಮಜ್ಜಿದು ಯಾವುದು?’ ಅಂದರು. ನೀವೇ ಹೇಳಿ ಅಂದೆ. ಮೂರು ಪಟ್ಟಿ ತೋರಿಸಿದರು, ಅದರಲ್ಲಿ ಎರಡು ನನ್ನವು. ಲೆಕ್ಕದ ಮೇಲೆ ಎರಡು ಸಾವಿರ ಜಾಸ್ತಿ ಕೊಟ್ಟು, ಅವರ ಚಿಕ್ಕಮ್ಮನ ಮನೆಯಲ್ಲಿ ಅರ್ಧಕ್ಕೆ ನಿಂತ ಮಂಚದ ಹೊದಿಕೆ ಒಂದಿದೆ ಅಂದರು. ಈ ಸಲ ಹಾಳೆಯನ್ನು ಕೊನೇ ಸಾಲಿನವರೆಗೂ ಓದಿ ರೇಟು ಹೇಳಿದ್ದೇನೆ: ದೊಡ್ಡ ಹೂವಿಗೆ 120, ಸಂದಿ ಹೂವಿಗೆ 30, ಬಣ್ಣ ಹೊಂದಿಸುವುದಕ್ಕೆ ಬೇರೆ. ಚಿಕ್ಕಮ್ಮ ಯೋಚಿಸಿ ಹೇಳುತ್ತಾರಂತೆ.