ಜಪಾನ್ ಸಿಗದ ತಿಂಗಳುಗಳು

ನನ್ನದು ಹ್ಯಾಮ್ ರೇಡಿಯೊ ಹವ್ಯಾಸ, ಅಂದರೆ ಸ್ವಂತ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವುದು. ಮೊದಲೇ ಹೇಳಿಬಿಡುತ್ತೇನೆ, ಆಂಟೆನಾಗೆ ಅಂತ ನಾನು ಹೊಸ ಕೇಬಲ್‌ಗೆ ಹಾಕಿದ ದುಡ್ಡು ದಂಡ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಮಲೆನಾಡಿನ ಮನೆ ಅಂದ ಮೇಲೆ ಗೊತ್ತಲ್ಲ, ತಗ್ಗಿನಲ್ಲಿ ಅಡಿಕೆ ತೋಟ, ಸುತ್ತ ಗುಡ್ಡ. ನಾನು ಜಾಸ್ತಿ ಬಳಸುವ ಹ್ಯಾಮ್ ಉಪಗ್ರಹ ಆರ್‌ಎಸ್-44, 2019ರ ಡಿಸೆಂಬರ್‌ನಲ್ಲಿ ರಷ್ಯಾದವರು ಹಾರಿಸಿದ್ದು. 145 ಮೆಗಾಹರ್ಟ್ಜ್‌ನಲ್ಲಿ ಮಾತಾಡಬೇಕು, ಅದು ಆ ಮಾತನ್ನು ವಾಪಸ್ ಕಳಿಸುವ 435ರಲ್ಲಿ ಕೇಳಿಸಿಕೊಳ್ಳಬೇಕು. ಇಬ್ಬರು ಮಾತಾಡಬೇಕಾದರೆ ಉಪಗ್ರಹ ಇಬ್ಬರಿಗೂ ಒಟ್ಟಿಗೆ ದಿಗಂತದ ಮೇಲೆ ಇರಬೇಕು. ಬೇಸಿಗೆಯಲ್ಲಿ ಇದರಲ್ಲೇ ಜಪಾನಿನ ನಾಲ್ಕೈದು ಸ್ಟೇಷನ್ ಸಿಕ್ಕಿದ್ದವು. ಜೂನ್ ಹೊತ್ತಿಗೆ ಒಂದೂ ಇಲ್ಲ. ಮಳೆ ಶುರುವಾಗಿತ್ತು, ಕನೆಕ್ಟರ್ ಒಳಗೆ ನೀರು ಹೋಗಿದೆ ಅಂದುಕೊಂಡು ಕೇಬಲ್ಲನ್ನೇ ಬದಲಾಯಿಸಿದೆ. ಅಷ್ಟೂ ದಿನ ಉಪಗ್ರಹ ತಾನಾಗೇ ಕಳಿಸುವ ಗುರುತಿನ ಸಿಗ್ನಲ್, ಅಂದರೆ 435.605ರ ಬೀಕನ್, ಮೊದಲಿನಷ್ಟೇ ಜೋರಾಗಿ ಕೇಳುತ್ತಿತ್ತು. ಕೇಬಲ್ ಕೆಟ್ಟಿದ್ದರೆ ಅದೂ ಕೇಳಬಾರದಲ್ವಾ? ಆಗ ಹೊಳೆಯಲಿಲ್ಲ.

ಹೊಳೆದದ್ದು ಲಾಗ್ ಪುಸ್ತಕ ತಿರುವಿದಾಗ. ಉಪಗ್ರಹ ಎಲ್ಲಿದೆ ಅಂತ ಹೇಳುವ ಜಿ-ಪ್ರೆಡಿಕ್ಟ್ ತಂತ್ರಾಂಶ ತೋರಿಸುವ ಅದರ ಎತ್ತರವನ್ನು ಸುಮ್ನೆ ಅಭ್ಯಾಸಕ್ಕೆ ಪಕ್ಕದಲ್ಲಿ ಬರೆದಿಡುತ್ತಿದ್ದೆ. ಜಪಾನ್ ಸಿಕ್ಕಾಗಲೆಲ್ಲ ಅದು 1400 ಕಿಲೋಮೀಟರ್‌ಗಿಂತ ಮೇಲೆ ಇತ್ತು, ಸಿಗದ ದಿನಗಳಲ್ಲಿ 1200ರ ಆಸುಪಾಸು. ಈ ಉಪಗ್ರಹದ ದಾರಿ ಪೂರ್ತಿ ದುಂಡಗಿಲ್ಲ. ಹತ್ತಿರ ಬಂದಾಗ ಸುಮಾರು 1175 ಕಿಲೋಮೀಟರ್, ದೂರ ಹೋದಾಗ ಸುಮಾರು 1510. ಇದಿಷ್ಟೇ ಆಗಿದ್ದರೆ ಲೆಕ್ಕ ಸುಲಭ. ಆದರೆ ಭೂಮಿಯ ಹೊಟ್ಟೆ ಸಮಭಾಜಕದ ಹತ್ತಿರ ಸ್ವಲ್ಪ ಉಬ್ಬಿರುವುದರಿಂದ ಆ ದೀರ್ಘವೃತ್ತವೇ ನಿಧಾನಕ್ಕೆ ತಿರುಗುತ್ತದೆ, ಆರ್‌ಎಸ್-44ಕ್ಕೆ ದಿನಕ್ಕೆ ಎರಡು ಡಿಗ್ರಿ ಚಿಲ್ಲರೆ. ಪೂರ್ತಿ ಸುತ್ತಿಗೆ ಸುಮಾರು 5 ತಿಂಗಳು. ಅದರಲ್ಲಿ ಎರಡೂವರೆ ತಿಂಗಳು ದೂರದ ತುದಿ, ಅಂದರೆ ಅಪೋಜಿ, ಉತ್ತರಾರ್ಧದ ಮೇಲೆ. ಉಳಿದ ಎರಡೂವರೆ ತಿಂಗಳು ನಮ್ಮ ಕಡೆ ಹತ್ತಿರದ ತುದಿ, ಅಂದರೆ ಪೆರಿಜಿ.

ಬರೀ ಮುನ್ನೂರು ಚಿಲ್ಲರೆ ಕಿಲೋಮೀಟರ್‌ಗೆ ಇಷ್ಟು ವ್ಯತ್ಯಾಸವಾ ಅಂತ ನನಗೂ ಅನ್ನಿಸಿತು. ಲೆಕ್ಕ ಹಾಕಿ ನೋಡಿದೆ. ನಮ್ಮಲ್ಲಿಂದ ಟೋಕಿಯೊ ಸುಮಾರು 6800 ಕಿಲೋಮೀಟರ್. ಇಬ್ಬರಿಗೂ ಸಮ ದೂರದಲ್ಲಿ, ಚೀನಾದ ಮೇಲೆ ಉಪಗ್ರಹ ಇದ್ದಾಗ, ಅಪೋಜಿಯಲ್ಲಾದರೆ ನನಗೆ ಅದು ದಿಗಂತದಿಂದ 6 ಡಿಗ್ರಿ ಮೇಲೆ, ಪೆರಿಜಿಯಲ್ಲಾದರೆ ಬರೀ 2 ಡಿಗ್ರಿ. ನಮ್ಮ ಅಂಗಳದಲ್ಲಿ ನಿಂತು ಈಶಾನ್ಯಕ್ಕೆ ಕೈ ಚಾಚಿ ಬೆರಳು ಅಡ್ಡ ಹಿಡಿದರೆ ಗುಡ್ಡದ ನೆತ್ತಿ ಎರಡು ಬೆರಳಿನಷ್ಟು ಎತ್ತರ, ಅಂದರೆ 4 ಡಿಗ್ರಿ ಹತ್ತಿರ. ಆಂಟೆನಾ ಏನು ಮಾಡೀತು ಪಾಪ. ಉಪಗ್ರಹ ತಲೆ ಮೇಲೆ ಹಾದುಹೋಗುವ ಪಾಸ್‌ಗಳಲ್ಲಿ ಮಾತ್ರ ಇದು ಗೊತ್ತೇ ಆಗುವುದಿಲ್ಲ, 23 ನಿಮಿಷ ಸಿಗುತ್ತಿದ್ದದ್ದು 19ಕ್ಕೆ ಇಳಿಯುತ್ತದೆ, ಸಿಗ್ನಲ್ ಇನ್ನೂ ಚೂರು ಜೋರೇ ಇರುತ್ತದೆ. ಬೀಕನ್ ನನ್ನನ್ನು ಏಮಾರಿಸಿದ್ದು ಹೀಗೆ.

ಹಳೆಯ ಅಭ್ಯಾಸವೂ ಸ್ವಲ್ಪ ಕಾರಣ. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಹೆಚ್ಚುಕಡಿಮೆ ದುಂಡು ದಾರಿಯಲ್ಲಿ, ದಿನಾ ಸರಿಸುಮಾರು ಅದೇ ಹೊತ್ತಿಗೆ ಬರುತ್ತಿತ್ತು. ಆರ್‌ಎಸ್-44 ದಿನಕ್ಕೆ ಆರೇಳು ನಿಮಿಷ ಮುಂಚೆ ಬರುತ್ತಾ ಹೋಗುತ್ತದೆ, ಹಾಗಾಗಿ ಸಂಜೆಯ ಪಾಸ್ ಕೆಲವು ವಾರದಲ್ಲಿ ಮಧ್ಯಾಹ್ನಕ್ಕೆ ಬಂದಿರುತ್ತದೆ. ಹೊತ್ತಿನದ್ದು, ಎತ್ತರದ್ದು ಅಂತ ಎರಡು ಬದಲಾವಣೆ ಒಂದರ ಮೇಲೊಂದು ಬಿದ್ದರೆ ಯಾವುದು ಯಾವುದರಿಂದ ಅಂತ ತಿಳಿಯುವುದು ಕಷ್ಟ.

ಈಗ ವಾರಕ್ಕೊಮ್ಮೆ ಕೆಪ್ಲರ್ ಅಂಕಿಗಳನ್ನು, ಅಂದರೆ ಉಪಗ್ರಹದ ದಾರಿಯ ಲೆಕ್ಕವನ್ನು, ಹೊಸದಾಗಿ ಇಳಿಸಿಕೊಂಡಾಗ ಅದರಲ್ಲಿ 'ಆರ್ಗ್ಯುಮೆಂಟ್ ಆಫ್ ಪೆರಿಜಿ' ಅನ್ನುವ ಒಂದು ಸಂಖ್ಯೆ ನೋಡುತ್ತೇನೆ. 180ರಿಂದ 360ರ ಒಳಗಿದ್ದರೆ ಪೆರಿಜಿ ದಕ್ಷಿಣದಲ್ಲಿದೆ, ಅಂಗಳದಿಂದಲೇ ಜಪಾನ್ ಕರೆಯುತ್ತೇನೆ. 270ರ ಸುತ್ತಮುತ್ತ ಇನ್ನೂ ಒಳ್ಳೆಯದು. ಸೊನ್ನೆಯಿಂದ 180ರ ಒಳಗಿದ್ದರೆ ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ತಗೊಂಡು ಮನೆ ಹಿಂದಿನ ಬ್ಯಾಣ, ಅಂದರೆ ಹುಲ್ಲುಗುಡ್ಡ, ಹತ್ತಬೇಕು, ಅಲ್ಲಿ ಈಶಾನ್ಯ ಬಯಲು. ಕಳೆದ ಆಗಸ್ಟ್‌ನಲ್ಲಿ ಹಾಗೆ ಮೂರು ಸಲ ಹತ್ತಿದೆ. ಎರಡು ಸಲ ಜಪಾನ್ ಸಿಕ್ಕಿತು. ಮೂರನೇ ಸಲ ಜಪಾನಿನವನೊಬ್ಬನ ರೇಡಿಯೊ ಗುರುತು, ಅಂದರೆ ಕಾಲ್‌ಸೈನ್ ಅರ್ಧ ಕೇಳುವಷ್ಟರಲ್ಲಿ ಕಾಲಿಗೆ ಉಂಬಳ ಹತ್ತಿತ್ತು, ಅದನ್ನು ಕಿತ್ತು ಬಿಸಾಡಿ ಆಂಟೆನಾ ಎತ್ತುವ ಹೊತ್ತಿಗೆ ಪಾಸ್ ಮುಗಿದಿತ್ತು.