ಗುರಿ ತಪ್ಪಿದ್ದು ಕಾಣಬೇಕು: ಪ್ರೇರಿ ಡಾಗ್ ಹೊಡೆಯಲು ನಾನು ಸ್ಕೋಪ್ ಆರಿಸಿದ ಬಗೆ

ಎದ್ದು ನಿಂತ ಪ್ರೇರಿ ಡಾಗ್ ಒಂದಡಿ ಎತ್ತರ, ಮೂರು-ನಾಲ್ಕು ಇಂಚು ಅಗಲ. ಮೈಬಣ್ಣ ಸುತ್ತಲಿನ ಒಣ ಮಣ್ಣಿನದೇ. ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಬಳಗದ ಪ್ರಾಣಿ. ಬಯಲಿನಲ್ಲಿ ಬಿಲ ತೋಡಿ ಊರಿಗೆ ಊರೇ ಕಟ್ಟಿಕೊಂಡು ಬಾಳುತ್ತದೆ. ಡೆನ್ವರಿನಿಂದ ಪೂರ್ವಕ್ಕೆ ಹೊರಟರೆ ಕೊಲರಾಡೊದ ಹುಲ್ಲುಗಾವಲು ಶುರುವಾಗುತ್ತದಲ್ಲ, ಅಲ್ಲಿ ದನ ಸಾಕುವವರಿಗೆಲ್ಲ ಇದರ ಮೇಲೆ ಒಂದೇ ದೂರು: ಹುಲ್ಲು ದನಕ್ಕೆ ಉಳಿಯುವುದಿಲ್ಲ. ಹಾಗೆ ದೂರುವ ಒಬ್ಬ ಪರಿಚಯದ ರೈತರು ತಮ್ಮ ಜಮೀನಿನಲ್ಲಿ ಹೊಡೆಯಲು ನನಗೆ ಅನುಮತಿ ಕೊಟ್ಟಿದ್ದಾರೆ. ಅನುಮತಿ ಇದ್ದರೂ ಸಣ್ಣ ಪ್ರಾಣಿಗಳ ಬೇಟೆಯ ಪರವಾನಗಿ, ಅಂದರೆ ಸ್ಮಾಲ್ ಗೇಮ್ ಲೈಸೆನ್ಸ್, ಜೇಬಿನಲ್ಲಿರಬೇಕು.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ನೋಡುತ್ತಲೇ ಬೆಳೆದವನು. ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಬರಿಗಣ್ಣು, ಕೋವಿಯ ತುದಿಯ ಸೈಟು, ಅಷ್ಟೇ ಸಾಕಾಗುತ್ತಿತ್ತು. ಕೋವಿಯ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪಿನ ಮಾತೇ ಬರುತ್ತಿರಲಿಲ್ಲ. ಇಲ್ಲಿ ಆ ಪ್ರೇರಿ ಡಾಗ್ ನಿಂತಿರುವುದು ಇನ್ನೂರೈವತ್ತು, ಮುನ್ನೂರು, ಕೆಲವು ಸಲ ನಾನೂರು ಗಜದಾಚೆ. ಹಾಗಾಗಿ ಸ್ಕೋಪಿನ ವಿದ್ಯೆಯನ್ನು ನಾನು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ.

ಅಂಗಡಿಗೆ ಹೋದರೂ ಗೆಳೆಯರ ನಡುವೆ ಕೂತರೂ ಮೊದಲ ಪ್ರಶ್ನೆ ‘ಎಷ್ಟು ಎಕ್ಸ್?’ ಎಂಬುದೇ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ನನಗೂ ಆರಂಭದಲ್ಲಿ ದೊಡ್ಡ ಸಂಖ್ಯೆಯ ಕಡೆಗೇ ಕಣ್ಣು ಹೋಗಿತ್ತು. ಅಷ್ಟರಲ್ಲಿ ಆರು ಪಟ್ಟಿನಿಂದ ಇಪ್ಪತ್ನಾಲ್ಕು ಪಟ್ಟಿನವರೆಗೆ ಏರಿಸಬಹುದಾದ ಒಬ್ಬ ಗೆಳೆಯನ 6-24 ಸ್ಕೋಪಿನ ಹಿಂದೆ ಕೂತು ಹೊಡೆಯುವ ಅವಕಾಶ ಸಿಕ್ಕಿತು, ಅದು ಒಳ್ಳೆಯದೇ ಆಯಿತು. ಜೂನ್ ತಿಂಗಳು. ಬೆಳಿಗ್ಗೆ ಎಂಟರವರೆಗೆ 24ರಲ್ಲಿ ಮೀಸೆ ಕಾಣುವಷ್ಟು ಸ್ಪಷ್ಟ. ಹತ್ತು ಗಂಟೆಗೆ ನೆಲ ಕಾದು ಬಿಸಿಲ್ಗುದುರೆ ಎದ್ದಿತು ನೋಡಿ, ಪ್ರೇರಿ ಡಾಗ್ ನಿಂತಲ್ಲೇ ಬಳುಕತೊಡಗಿತು. ಸ್ಕೋಪ್ ಪ್ರಾಣಿಯನ್ನಷ್ಟೇ ಹಿಗ್ಗಿಸುವುದಿಲ್ಲ. ನಡುವೆ ಇರುವ ಬಿಸಿಗಾಳಿಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಗೆಳೆಯ ತಾನಾಗಿಯೇ 14ಕ್ಕೆ ಇಳಿಸಿಕೊಂಡ. ಬೇಸಗೆಯ ಬಹುಪಾಲು ಹೊತ್ತು ಅವನ ಸ್ಕೋಪ್ ನಿಂತಿರುವುದು ಅಲ್ಲೇ. 24ಕ್ಕೆ ಕೊಟ್ಟ ದುಡ್ಡು ಬೆಳಗಿನ ಎರಡು ತಾಸಿಗಷ್ಟೇ ಆಯಿತು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅವತ್ತೇ ತಿಳಿಯಿತು. 24ರಲ್ಲಿ ನೂರು ಗಜಕ್ಕೆ ಕಾಣುವ ಅಗಲ ಐದಡಿಯ ಆಸುಪಾಸು, ಮುನ್ನೂರು ಗಜಕ್ಕೆ ಹದಿನೈದಡಿ. ಸಣ್ಣ ಗುಂಡಿನ .223 ರೈಫಲ್ ಒದೆಯುವುದು ತೀರಾ ಕಡಿಮೆ. ಆದರೂ ಆ ಸಣ್ಣ ಒದೆತಕ್ಕೇ ಚಿತ್ರವೆಲ್ಲ ಕಣ್ಣಿಂದ ಜಾರಿ ಹೋಗುತ್ತದೆ. ಚಿತ್ರ ಮತ್ತೆ ಸಿಗುವಷ್ಟರಲ್ಲಿ ಗುಂಡು ಬಿದ್ದಲ್ಲಿ ಎದ್ದ ಧೂಳು ಗಾಳಿಯಲ್ಲಿ ಕರಗಿರುತ್ತದೆ. ಗುಂಡು ನಾನೂರು ಗಜ ಮುಟ್ಟಲು ಅರ್ಧ ಸೆಕೆಂಡಿನ ಹತ್ತಿರ ಬೇಕು; 12-14ರಲ್ಲಿ ಅಷ್ಟರೊಳಗೆ ಚಿತ್ರ ವಾಪಸ್ ಬಂದು ಕೂತಿರುತ್ತದೆ, ಧೂಳು ಎಡಕ್ಕೆ ಎದ್ದಿತೋ ಬಲಕ್ಕೋ ಕಣ್ಣಿಗೆ ಬೀಳುತ್ತದೆ. ಈ ಆಟದಲ್ಲಿ ತಪ್ಪುವ ಗುಂಡುಗಳು ಬೇಕಾದಷ್ಟು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 55 ಗ್ರೇನ್ (ಗುಂಡಿನ ತೂಕದ ಅಳತೆ) ತೂಗುವ ಗುಂಡನ್ನು ಮುನ್ನೂರು ಗಜದಲ್ಲಿ ಹತ್ತು ಇಂಚಿನ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ಗುರಿಯ ಅಗಲವೇ ನಾಲ್ಕು ಇಂಚು. ತಪ್ಪಿದ್ದು ಎಲ್ಲಿಗೆ ಹೋಯಿತೆಂದು ಕಂಡರೆ ಮಾತ್ರ ಎರಡನೇ ಗುಂಡಿಗೆ ಅರ್ಥ. ಹಾಗಾಗಿ ನಾನು ಸ್ಕೋಪ್ ನೋಡಿದ್ದೆಲ್ಲ ಈ ಒಂದು ಕಣ್ಣಿನಿಂದ: ಇದರಲ್ಲಿ ನನ್ನ ತಪ್ಪು ನನಗೆ ಕಾಣುತ್ತದೆಯೇ?

ಹೀಗೆ 4-16ಕ್ಕೆ ಬಂದು ನಿಂತೆ. ಮುಂದಿನ ಗಾಜು 44 ಮಿಲಿಮೀಟರ್. 56 ಇದ್ದರೆ ಬೆಳಕು ಜಾಸ್ತಿ ಅನ್ನುತ್ತಾರೆ. ನಿಜ, ಆದರೆ ಆ ಬೆಳಕು ಯಾರಿಗೆ ಬೇಕು? ಮುಂದಿನ ಗಾಜಿನ ಅಳತೆಯನ್ನು ಎಕ್ಸ್‌ನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 44ನ್ನು 16ರಿಂದ ಭಾಗಿಸಿದರೆ 2.75 ಮಿಲಿಮೀಟರ್. ನಡುಹಗಲಿನ ಬಯಲಿನಲ್ಲಿ ನಮ್ಮ ಕಣ್ಣಿನ ಪಾಪೆ ತೆರೆಯುವುದೂ ಹೆಚ್ಚುಕಡಿಮೆ ಅಷ್ಟೇ. ಇದು ಹಗಲಿನ ಕೆಲಸ. ದೊಡ್ಡ ಗಾಜು ಹಾಕಿದರೆ ತೂಕ ಏರುತ್ತದೆ, ಸ್ಕೋಪನ್ನು ಎತ್ತರಕ್ಕೆ ಕೂರಿಸಬೇಕಾಗುತ್ತದೆ, ಕೆನ್ನೆ ಕೋವಿಯ ಹಿಡಿಯ ಮೇಲೆ ನೆಮ್ಮದಿಯಾಗಿ ಕೂರುವುದಿಲ್ಲ. 30 ಮಿಲಿಮೀಟರ್ ಕೊಳವೆಯ ಬಗ್ಗೆಯೂ ಇಂಥದ್ದೇ ಒಂದು ನಂಬಿಕೆ ಇದೆ. ಒಂದಿಂಚಿನದಕ್ಕಿಂತ ಅದು ಹೆಚ್ಚು ಬೆಳಕು ಕೊಡುವುದಿಲ್ಲ; ಗುರಿಯನ್ನು ಮೇಲೆ-ಕೆಳಗೆ ಹೊಂದಿಸಲು ಒಳಗೆ ಜಾಗ ಜಾಸ್ತಿ ಇರುತ್ತದೆ, ಅದಕ್ಕಾಗಿ ಬೇಕು.

ಕಣ್ಣು ಸರಿದಾಗ ಸ್ಕೋಪಿನ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವುದೇ ಪ್ಯಾರಲಾಕ್ಸ್. ಅದನ್ನು ಹೊಂದಿಸುವ ಗುಂಡಿ ಇಲ್ಲದ ಸ್ಕೋಪನ್ನು ನಾನು ಈ ಕೆಲಸಕ್ಕೆ ಮುಟ್ಟುವುದೇ ಇಲ್ಲ. ಜಿಂಕೆ ಬೇಟೆಗೆಂದು ಮಾಡಿದ ಅಗ್ಗದ ಸ್ಕೋಪುಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ನೂರು ಅಥವಾ ನೂರೈವತ್ತು ಗಜಕ್ಕೆ ಹೊಂದಿಸಿ ಮುಚ್ಚಿರುತ್ತಾರೆ. ನೂರಕ್ಕೆ ಹೊಂದಿಸಿದ 40 ಮಿಲಿಮೀಟರ್ ಗಾಜಿನಲ್ಲಿ ನಾನೂರು ಗಜ ನೋಡುತ್ತಿದ್ದೀರಿ ಅಂದುಕೊಳ್ಳಿ. ಕಣ್ಣು ನಡುವಿನಿಂದ ಪೂರ್ತಿ ಅಂಚಿಗೆ ಸರಿದರೆ ಗುರಿ ಆರು ಸೆಂಟಿಮೀಟರ್‌ವರೆಗೆ ಜಾರಬಹುದು. ಜಿಂಕೆಗೆ ಅದು ಲೆಕ್ಕಕ್ಕಿಲ್ಲ. ಪ್ರೇರಿ ಡಾಗ್ ಆದರೆ ಬಿಲಕ್ಕೆ ಇಳಿದಾಯಿತು. ಪಕ್ಕದಲ್ಲಿ ಗುಂಡಿ ಇದ್ದರೆ ದೂರಕ್ಕೆ ತಕ್ಕಂತೆ ತಿರುಗಿಸಿ, ತಲೆಯನ್ನು ಮೆಲ್ಲನೆ ಆಡಿಸಿ ನೋಡಿ: ಕ್ರಾಸ್‌ಹೇರ್ (ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ) ಗುರಿಯ ಮೇಲೆ ಅಲುಗದೆ ನಿಂತರೆ ಸರಿಯಾಯಿತು. ಗುಂಡಿಯ ಮೇಲೆ ಬರೆದಿರುವ ಗಜಗಳ ಅಂಕಿಯನ್ನು ನಾನು ನಂಬುವುದಿಲ್ಲ, ತಲೆ ಆಡಿಸಿಯೇ ನೋಡುತ್ತೇನೆ.

ರೆಟಿಕಲ್, ಅಂದರೆ ಸ್ಕೋಪಿನೊಳಗಿನ ಈ ಗೆರೆಗಳ ವಿಚಾರಕ್ಕೆ ಬಂದರೆ ಜಗಳವೇ ಶುರು. ಫಸ್ಟ್ ಫೋಕಲ್ ಪ್ಲೇನ್ (ಎಕ್ಸ್ ಏರಿಸಿದಂತೆ ಗೆರೆಗಳೂ ಹಿಗ್ಗುವ ಬಗೆ) ಇದ್ದರೆ ಎಕ್ಸ್ ಎಷ್ಟೇ ಇರಲಿ ಗೆರೆಗಳ ಅಳತೆ ನಿಜವೇ. ಸೆಕೆಂಡ್ ಫೋಕಲ್ ಪ್ಲೇನಿನಲ್ಲಿ (ಗೆರೆಗಳು ಇದ್ದಷ್ಟೇ ಇರುವ ಬಗೆ) ಒಂದೇ ಎಕ್ಸ್‌ಗೆ ಮಾತ್ರ ನಿಜ, ಸಾಮಾನ್ಯವಾಗಿ ಅತಿ ಹೆಚ್ಚಿನದಕ್ಕೆ. 16ರಲ್ಲಿ ಎರಡು ಎಂಒಎ (ಕೋನದ ಅಳತೆ, ನೂರು ಗಜಕ್ಕೆ ಹೆಚ್ಚುಕಡಿಮೆ ಒಂದಿಂಚು) ತೋರುವ ಗೆರೆ 8ಕ್ಕೆ ಇಳಿಸಿದರೆ ನಾಲ್ಕು ಎಂಒಎ ಆಗಿಬಿಡುತ್ತದೆ. ಹಾಗಾದರೆ ಮೊದಲನೆಯದೇ ಮೇಲು ಅನ್ನಿಸುತ್ತದೆ ಅಲ್ಲವೇ? ಮಿಲಿಟರಿ ಮಾದರಿಯ ಸ್ಪರ್ಧೆಗಳವರು ಹಾಗೇ ಹೇಳುತ್ತಾರೆ. ಆದರೆ ಅವರ ಗುರಿ ಕಬ್ಬಿಣದ ತಟ್ಟೆ. ಫಸ್ಟ್ ಫೋಕಲ್ ಪ್ಲೇನಿನ ಗೆರೆಯ ದಪ್ಪ ಗುರಿಯ ಜೊತೆಗೇ ಹಿಗ್ಗುತ್ತದೆ; 0.05 ಮಿಲ್ (ಇದೂ ಕೋನದ್ದೇ ಅಳತೆ) ದಪ್ಪದ ಗೆರೆ ಐನೂರು ಗಜದಲ್ಲಿ ಮುಚ್ಚುವುದು 0.9 ಇಂಚು. ಬಿಲದಿಂದ ತಲೆ ಮಾತ್ರ ಹೊರಗಿಟ್ಟ ಪ್ರಾಣಿಯ ಅರ್ಧ ತಲೆ ಗೆರೆಯ ಹಿಂದೆ ಮಾಯ. ಎಕ್ಸ್ ಇಳಿಸಿದಾಗ ಅದೇ ಗೆರೆ ಎಳೆಯಷ್ಟಾಗಿ ಒಣ ಹುಲ್ಲಿನಲ್ಲಿ ಕಳೆದುಹೋಗುತ್ತದೆ. ನಾನು ಸಣ್ಣ ಗೆರೆಯ ಸೆಕೆಂಡ್ ಫೋಕಲ್ ಪ್ಲೇನ್ ತೆಗೆದುಕೊಂಡೆ. ಎತ್ತರವನ್ನು ಟರೆಟ್, ಅಂದರೆ ಸ್ಕೋಪಿನ ಮೇಲಿನ ಗುರಿ ಹೊಂದಿಸುವ ತಿರುಗಣೆ, ತಿರುಗಿಸಿ ಕೊಡುತ್ತೇನೆ, ಗಾಳಿಗೆ ಮಾತ್ರ ಗೆರೆ ನೋಡಿ ಪಕ್ಕಕ್ಕೆ ಹಿಡಿಯುತ್ತೇನೆ, 14 ಮತ್ತು 16ರ ನಡುವಿನಲ್ಲೇ ಇರುವುದರಿಂದ ಅಳತೆ ಬಹಳ ಕೆಡುವುದಿಲ್ಲ. ಓಡಾಡುವ ಕಾಯೋಟೆ ಎಂಬ ಸಣ್ಣ ತೋಳವನ್ನು ಹೊಡೆಯುವವರು ನನ್ನ ಮಾತು ಕೇಳಬೇಕಿಲ್ಲ, ಅವರದು ಬೇರೆ ಲೆಕ್ಕ.

ಗುಂಡಿನ ಇಳಿತಕ್ಕೆ ತಕ್ಕ ಚುಕ್ಕೆಗಳನ್ನು ಮೊದಲೇ ಗಾಜಿನಲ್ಲಿ ಕೊರೆದಿರುವ ರೆಟಿಕಲ್‌ಗಳೂ ಸಿಗುತ್ತವೆ, ಮುನ್ನೂರಕ್ಕೊಂದು ಚುಕ್ಕೆ, ನಾನೂರಕ್ಕೊಂದು. ಸುಲಭವೇ, ಸುಳ್ಳಲ್ಲ. ತೊಡಕು ಏನೆಂದರೆ ಅವು ಯಾವುದೋ ಒಂದು ಗುಂಡಿಗೆ, ಯಾವುದೋ ಒಂದು ಎತ್ತರದ ಊರಿಗೆ ಮಾಡಿದ ಚುಕ್ಕೆಗಳು. ನಾನು ಬಳಸುವ 55 ಗ್ರೇನಿನ ಗುಂಡು ಸೆಕೆಂಡಿಗೆ 3240 ಅಡಿ ವೇಗದಲ್ಲಿ ಹೊರಡುತ್ತದೆ. ಇನ್ನೂರು ಗಜಕ್ಕೆ ಗುರಿ ಹೊಂದಿಸಿದರೆ ಮುನ್ನೂರಕ್ಕೆ ಏಳು ಇಂಚು, ನಾನೂರಕ್ಕೆ ಇಪ್ಪತ್ತೊಂದು, ಐನೂರಕ್ಕೆ ನಲವತ್ತೈದು ಇಂಚು ಇಳಿಯುತ್ತದೆ ಎನ್ನುವುದು ತಯಾರಕರ ಪಟ್ಟಿ. ಆ ಪಟ್ಟಿ ಸಮುದ್ರಮಟ್ಟದ ಗಾಳಿಗೆ. ಡೆನ್ವರ್ 5280 ಅಡಿ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಐನೂರು ಗಜಕ್ಕೆ ಇಳಿತ ನಾಲ್ಕೈದು ಇಂಚು ಕಡಿಮೆ. ಅಂದರೆ ಪ್ರೇರಿ ಡಾಗಿನ ಒಂದು ಮೈ ಅಗಲ. ಟರೆಟ್ ಇದ್ದರೆ ನನ್ನ ಊರಿನ ಲೆಕ್ಕ ನಾನೇ ಬರೆದು ಕೋವಿಯ ಹಿಡಿಗೆ ಅಂಟಿಸಿಕೊಳ್ಳಬಹುದು. ಅಂಟಿಸಿದ್ದೇನೆ ಕೂಡ.

ಎಂಒಎ ಬೇಕೋ ಮಿಲ್ ಬೇಕೋ ಎಂಬುದು ಅಭ್ಯಾಸದ ಮಾತು. ಗೆರೆ ಒಂದರಲ್ಲಿ, ಟರೆಟ್ ಇನ್ನೊಂದರಲ್ಲಿ ಇರಬಾರದು, ಅಷ್ಟು ನೋಡಿಕೊಳ್ಳಿ. ಎಂಒಎ ಅಂದರೆ ನೂರು ಗಜಕ್ಕೆ ಒಂದು ಇಂಚಿಗಿಂತ ಕೂದಲೆಳೆ ಹೆಚ್ಚು, 1.047 ಇಂಚು. ಮಿಲ್ ಅಂದರೆ 3.6 ಇಂಚು.

ಟರೆಟ್ ಇದ್ದರೆ ಸಾಲದು, ಅದು ನಿಜ ಹೇಳಬೇಕು. ಇದನ್ನು ಅಂಗಡಿಯಲ್ಲಿ ತಿಳಿಯಲಾಗದು. ಎತ್ತರದ ರಟ್ಟಿನ ಮೇಲೆ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆದು, ಸರಿಯಾಗಿ ಅಳೆದ ನೂರು ಗಜದಲ್ಲಿ ನಿಲ್ಲಿಸುತ್ತೇನೆ. ಕೆಳಗೆ ಮೂರು-ನಾಲ್ಕು ಗುಂಡು. ಆಮೇಲೆ ಗುರಿ ಬದಲಿಸದೆ ಟರೆಟ್ ಇಪ್ಪತ್ತು ಎಂಒಎ ಮೇಲೆ ತಿರುಗಿಸಿ ಮತ್ತೆ ಅಷ್ಟೇ ಗುಂಡು. ಎರಡು ಗುಂಪಿನ ನಡುವೆ 21 ಇಂಚಿಗೆ ಒಂದಿಷ್ಟು ಕಡಿಮೆ ಇರಬೇಕು, ಮೇಲಿನ ಗುಂಪು ಆ ನೇರ ಗೆರೆಯ ಮೇಲೇ ಇರಬೇಕು. ವಾಪಸ್ ಸೊನ್ನೆಗೆ ತಂದರೆ ಮೊದಲ ತೂತುಗಳ ಜಾಗಕ್ಕೇ ಬರಬೇಕು. ಮೊದಲು ತಂದ ಒಂದು ಸ್ಕೋಪ್ ಈ ಪರೀಕ್ಷೆಯಲ್ಲೇ ಬಿದ್ದಿತು: ಮೇಲಕ್ಕೆ ಸರಿಯಾಗಿ ಹೋಯಿತು, ಇಳಿಯುವಾಗ ಅರ್ಧ ಇಂಚು ಆಚೆ ಕೂತಿತು. ಹೆಸರು ಬೇಡ, ಅಂಗಡಿಯವರು ತಕರಾರಿಲ್ಲದೆ ವಾಪಸ್ ತೆಗೆದುಕೊಂಡರು. ವಾಪಸ್ ಕೊಡುವ ಗಡುವಿನೊಳಗೆ ಈ ಕೆಲಸ ಮುಗಿಸಬೇಕು. ಇನ್ನೊಂದು, ಸೊನ್ನೆಯಿಂದ ಕೆಳಗೆ ತಿರುಗದಂತೆ ತಡೆಯುವ ಜೀರೋ ಸ್ಟಾಪ್ ಇದ್ದರೆ ಬಿಡಬೇಡಿ. ಪಿಕಪ್ ಟ್ರಕ್ಕಿನ ಸೀಟಿನ ಮೇಲೆ ಉಜ್ಜಿಕೊಂಡು ಬಂದ ಟರೆಟ್ ಎಲ್ಲಿ ನಿಂತಿದೆ ಎಂಬ ಅನುಮಾನ ಅದರಿಂದ ತಪ್ಪುತ್ತದೆ.

ಗಾಜಿನ ಗುಣಕ್ಕೆ ಜನ ಹೇಳುವ ಕಾರಣ ಅಂದಚಂದದ್ದು. ನನ್ನ ಕಾರಣ ಗೂಬೆ. ಪ್ರೇರಿ ಡಾಗ್ ಬಿಟ್ಟುಹೋದ ಬಿಲಗಳಲ್ಲಿ ಬರೋಯಿಂಗ್ ಔಲ್ ಎಂಬ ಪುಟ್ಟ ಗೂಬೆ ಗೂಡು ಮಾಡುತ್ತದೆ. ಹಗಲಲ್ಲೇ ಮಣ್ಣುದಿಬ್ಬದ ಮೇಲೆ ಕಂದು ಬಣ್ಣದ ಮೈ ನೆಟ್ಟಗೆ ಮಾಡಿ ನಿಂತಿರುತ್ತದೆ. ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಅದಕ್ಕಿದೆ; ಕಾಯ್ದೆ ಇಲ್ಲದಿದ್ದರೂ ಹೊಡೆಯುವ ಹಕ್ಕಿ ಅದಲ್ಲ. ಮುನ್ನೂರು ಗಜದಲ್ಲಿ ಅದಕ್ಕೂ ಮರಿ ಪ್ರೇರಿ ಡಾಗಿಗೂ ವ್ಯತ್ಯಾಸ ತೋರಿಸದ ಗಾಜು ನನಗೆ ಬೇಡ. ಪರೀಕ್ಷಿಸುವುದು ಹೇಗೆ? ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಸ್ಕೋಪೂ ಚೆಂದವೇ. ನಾನು ಅಂಗಡಿಯವರನ್ನು ಕೇಳಿಕೊಂಡು ಬಾಗಿಲ ಹೊರಗೆ ತಂದು, ಬೆಳಗುವ ಆಕಾಶದ ಎದುರಿನ ವಿದ್ಯುತ್ ತಂತಿಯನ್ನು ನೋಡಿದೆ. ಅಗ್ಗದವುಗಳಲ್ಲಿ ತಂತಿಯ ಅಂಚಿಗೆ ನೇರಳೆ ಬಣ್ಣ ಹಿಡಿದಿತ್ತು. ನೆರಳಿನಲ್ಲಿರುವ ಬೋರ್ಡಿನ ಸಣ್ಣಕ್ಷರ ಓದಿ ನೋಡಿದೆ. ಐನೂರರಿಂದ ಎಂಟುನೂರು ಡಾಲರಿನ ನಡುವೆ ಗಾಜು ಬಹಳ ಸುಧಾರಿಸುತ್ತದೆ. ಅಲ್ಲಿಂದಾಚೆ ದುಡ್ಡು ಏರಿದಷ್ಟು ಕಣ್ಣಿಗೆ ಏರುವುದಿಲ್ಲ, ಕನಿಷ್ಠ ನನ್ನ ಕಣ್ಣಿಗೆ.

ನನ್ನ ಕಣ್ಣಿಗೆ ಕನ್ನಡಕವೂ ಇದೆ, ಅದೂ ಪ್ರೋಗ್ರೆಸಿವ್, ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು. ಮಲಗಿ ಹೊಡೆಯುವಾಗ ಕನ್ನಡಕದ ಮೇಲಂಚಿನಿಂದ ನೋಡುವಂತಾಗಿ ಗೆರೆ ಮಸುಕಾಗುತ್ತದೆ. ದೂರದ ನೋಟಕ್ಕೆ ಮಾತ್ರ ಇರುವ ದೊಡ್ಡ ಚೌಕಟ್ಟಿನ ಇನ್ನೊಂದು ಜೊತೆ ಮಾಡಿಸಿಕೊಂಡೆ, ಬೆಂಚಿನ ಮೇಲೆ ಕೂತು ಹೊಡೆಯುವುದನ್ನು ರೂಢಿ ಮಾಡಿಕೊಂಡೆ. ಕಣ್ಣಿನ ಕಡೆಯ ಗಾಜನ್ನು ಹೊಂದಿಸುವಾಗ ಬರೀ ಆಕಾಶ ನೋಡಿ, ಎರಡು ಮೂರು ಸೆಕೆಂಡಿಗೊಮ್ಮೆ ಕಣ್ಣು ತೆಗೆಯಿರಿ. ದಿಟ್ಟಿಸುತ್ತಾ ಇದ್ದರೆ ಕಣ್ಣೇ ತನ್ನಷ್ಟಕ್ಕೆ ಹೊಂದಿಕೊಂಡು ಗೆರೆ ಸ್ಪಷ್ಟವಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಕೂರಿಸುವ ಕೆಲಸ ನಾನೇ ಮಾಡಿದೆ. ಸ್ಕೋಪನ್ನು ಹಿಡಿದಿಡುವ ರಿಂಗಿನ ತಿರುಪುಗಳನ್ನು 15ರಿಂದ 18 ಇಂಚ್-ಪೌಂಡಿಗೆ, ಅಳತೆ ತೋರಿಸುವ ಸ್ಕ್ರೂಡ್ರೈವರಿನಲ್ಲಿ. ಕೈಯಂದಾಜಿನಲ್ಲಿ ಬಿಗಿದರೆ ಕೊಳವೆ ಅದುಮಿ ಪ್ಯಾರಲಾಕ್ಸ್ ಗುಂಡಿ ಗಟ್ಟಿಯಾಗುತ್ತದೆ. ತೂಗುಗುಂಡಿನ ದಾರಕ್ಕೆ ರೆಟಿಕಲ್ ಹೊಂದಿಸಿದೆ. ಮೂರು ಡಿಗ್ರಿ ಓರೆಯಾದರೂ ಐನೂರು ಗಜಕ್ಕೆ ಎರಡು ಇಂಚಿಗೂ ಮಿಕ್ಕಿ ಪಕ್ಕಕ್ಕೆ ಹೋಗುತ್ತದೆ, ಅದನ್ನು ಗಾಳಿಯ ತಲೆಗೆ ಕಟ್ಟಿ ದಿನವಿಡೀ ಗಾಳಿಯನ್ನು ಬೈಯುತ್ತಿರಬಹುದು! ನಳಿಗೆಯ ಮೇಲಿಂದ ಏಳುವ ಬಿಸಿ ಕೂಡ ಚಿತ್ರ ಕೆಡಿಸುತ್ತದೆ. ಹತ್ತಿಪ್ಪತ್ತು ಗುಂಡಾದ ಮೇಲೆ ರೈಫಲಿಗೆ ವಿರಾಮ ಕೊಟ್ಟು ಚಹಾ ಕುಡಿಯುತ್ತೇನೆ.

ಇಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿ ಮುಂತಾದ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿ, ತೋಟಾ ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನಿನ ನಿಷೇಧವಿದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಲೈಸೆನ್ಸ್ ಮೊದಲು, ಮಿಕ್ಕಿದ್ದು ಆಮೇಲೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ.

ಊರಿನಿಂದ ಅಣ್ಣನ ಮಗ ಫೋನಿನಲ್ಲಿ ಕೇಳುತ್ತಿರುತ್ತಾನೆ, “ಚಿಕ್ಕಪ್ಪ, ಬರುವಾಗ ನನಗೂ ಒಂದು ಸ್ಕೋಪ್ ತನ್ನಿ” ಎಂದು. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತು, ಬಟ್ಟೆಯ ನಡುವೆ ಸುತ್ತಿ ಸೂಟ್‌ಕೇಸಿನಲ್ಲಿ ತರುವಂಥದ್ದಲ್ಲ. ಊರಿನಲ್ಲಿ ಬೇಟೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಿಂತಿದೆ. ತೆಂಗಿನಕಾಯಿಗೆ ಸ್ಕೋಪ್ ಯಾಕೆ ಬೇಕು ಮಾರಾಯ ಅಂದರೆ ನಗುತ್ತಾನೆ, ಮುಂದಿನ ವಾರ ಮತ್ತೆ ಕೇಳುತ್ತಾನೆ. ಬೈನಾಕ್ಯುಲರ್ ತಂದುಕೊಡುತ್ತೇನೆ ಎಂದು ಒಪ್ಪಿಸಿದ್ದೇನೆ, 8×42.